ಆ ಬೇಸ್ ಅವನಿಗೆ ಯಾರು ಕೊಟ್ಟರು?

ಬೇಸ್‌ಬಾಲ್ ಸ್ಕೋರ್ ಬರೆಯಲು ಕೂತರೆ ನನ್ನ ಪೆನ್ಸಿಲ್ ಜಾಸ್ತಿ ಹೊತ್ತು ನಿಲ್ಲುವುದು ಸ್ಟೋಲನ್ ಬೇಸ್ (ಬೇಸ್ ಮೇಲಿರುವ ರನ್ನರ್ ತಾನೇ ಓಡಿ ಕದಿಯುವ ಮುಂದಿನ ಬೇಸ್) ಹತ್ತಿರ. ರನ್ನರ್ ಒಂದನೇ ಬೇಸ್‌ನಿಂದ ಎರಡಕ್ಕೆ ಓಡಿದ, ಔಟಾಗಲಿಲ್ಲ. ಸ್ಟೀಲ್ ತಾನೇ? ಸ್ವಲ್ಪ ತಡೆಯಿರಿ. ಆ ಬೇಸನ್ನು ಅವನಿಗೆ ಬೇರೆ ಯಾರಾದರೂ ಕೊಟ್ಟರಾ? ಬ್ಯಾಟರ್ ಹಿಟ್ ಹೊಡೆದ, ಫೀಲ್ಡರ್ ಎರರ್ ಮಾಡಿದ, ಬಾಲ್ ಎಸೆಯುವ ಪಿಚರ್ ಬಾಕ್ (ನಿಯಮ ತಪ್ಪಿದ ಚಲನೆ) ಮಾಡಿದ, ಬ್ಯಾಟರ್‌ಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಮೊದಲ ಬೇಸ್) ಸಿಕ್ಕಿ ಇವನು ಮುಂದೆ ಹೋಗಲೇಬೇಕಾಯಿತು. ಇದರಲ್ಲಿ ಯಾವುದಾದರೂ ಆಗಿದ್ದರೆ ಅದು ಸ್ಟೀಲ್ ಅಲ್ಲ. ತಾನೇ ಓಡಿ ಗಿಟ್ಟಿಸಿದ್ದಕ್ಕೆ ಮಾತ್ರ 'ಎಸ್‌ಬಿ' (ಸ್ಟೋಲನ್ ಬೇಸ್) ಬರೆಯಿರಿ.

ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೈಗೆ ಬಾಲ್ ತಪ್ಪಿದಾಗ ಗೊಂದಲ ಶುರು. ಎಲ್ಲರ ಕಣ್ಣೂ ಬಾಲ್ ಹಿಂದೆ ಹೋಗುತ್ತದೆ. ನಾನು ಮಾತ್ರ ಪ್ರತಿ ಪಿಚ್‌ಗೂ ಮುಂಚೆ ರನ್ನರ್ ಕಾಲನ್ನೇ ನೋಡುತ್ತಿರುತ್ತೇನೆ. ಅವನ ಎಡಗಾಲು ಬಲಗಾಲನ್ನು ದಾಟಿ ಬಿತ್ತು ಅಂದರೆ ಹೊರಟ ಅಂತಲೇ. ಪಿಚರ್ ಬಾಲ್ ಎಸೆಯುವ ಮೊದಲೇ ಹೊರಟಿದ್ದರೆ, ಆಮೇಲೆ ವೈಲ್ಡ್ ಪಿಚ್ (ಪಿಚರ್ ಕೆಟ್ಟದಾಗಿ ಎಸೆದದ್ದು) ಆಗಲಿ, ಪಾಸ್ಡ್ ಬಾಲ್ (ಕ್ಯಾಚರ್ ಹಿಡಿಯಬೇಕಿದ್ದುದನ್ನು ಬಿಟ್ಟದ್ದು) ಆಗಲಿ, ಸ್ಟೀಲ್ ಅವನದೇ. ಬಾಲ್ ಉರುಳಿದ್ದು ನೋಡಿ ಹೊರಟರೆ ಇಲ್ಲ. ಮೊದಲೇ ಹೊರಟವನು ಅದೇ ಓಟದಲ್ಲಿ ಮೂರನೇ ಬೇಸ್‌ಗೂ ಮುಟ್ಟಿದರೆ? ಎರಡನೆಯದು ಎಸ್‌ಬಿ, ಮೂರನೆಯದು ವೈಲ್ಡ್ ಪಿಚ್ ಅಥವಾ ಪಾಸ್ಡ್ ಬಾಲ್.

ಇಬ್ಬರು ರನ್ನರ್‌ಗಳು ಒಟ್ಟಿಗೆ ಓಡಿ ಒಬ್ಬ ಔಟಾದರೆ ಇನ್ನೊಬ್ಬನಿಗೂ ಸ್ಟೀಲ್ ಸಿಗುವುದಿಲ್ಲ. ನನಗೆ ತುಂಬಾ ವಿಚಿತ್ರ ಅನಿಸುವ ನಿಯಮ ಬೇರೆ ಇದೆ. ಕ್ಯಾಚರ್ ಸರಿಯಾಗಿ ಎಸೆದ, ರನ್ನರ್ ಔಟಾಗಬೇಕಿತ್ತು, ಶಾರ್ಟ್‌ಸ್ಟಾಪ್ (ಎರಡನೇ ಬೇಸ್ ಹತ್ತಿರದ ಫೀಲ್ಡರ್) ಬಾಲ್ ಬಿಟ್ಟ. ಶಾರ್ಟ್‌ಸ್ಟಾಪ್‌ಗೆ ಎರರ್, ಕ್ಯಾಚರ್‌ಗೆ ಅಸಿಸ್ಟ್ (ಔಟ್‌ಗೆ ನೆರವಾದ ಲೆಕ್ಕ). ರನ್ನರ್ ಬೇಸ್ ಮೇಲೆ ಆರಾಮಾಗಿ ನಿಂತಿದ್ದರೂ ಅವನ ಹೆಸರಿಗೆ 'ಕಾಟ್ ಸ್ಟೀಲಿಂಗ್', ಅಂದರೆ ಕದಿಯುವಾಗ ಸಿಕ್ಕಿಬಿದ್ದ ಲೆಕ್ಕ!

ಇನ್ನು ಡಿಫೆನ್ಸಿವ್ ಇಂಡಿಫರೆನ್ಸ್, ಅಂದರೆ ಫೀಲ್ಡಿಂಗ್ ತಂಡದ ಉದಾಸೀನ. ಕೊನೆಯ ಇನಿಂಗ್ಸ್, ದೊಡ್ಡ ಅಂತರ, ರನ್ನರ್ ಓಡಿದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಸ್ಟೀಲ್ ಅಲ್ಲ, ಫೀಲ್ಡರ್ಸ್ ಚಾಯ್ಸ್ (ಫೀಲ್ಡರ್‌ಗಳೇ ಬಿಟ್ಟುಕೊಟ್ಟ ಲೆಕ್ಕ). ಅಮೆರಿಕದ ಆಟಗಾರ ರಿಕಿ ಹೆಂಡರ್ಸನ್ 1982ರಲ್ಲಿ 130 ಬೇಸ್ ಕದ್ದರು, ಇಡೀ ವೃತ್ತಿಜೀವನದಲ್ಲಿ ಒಟ್ಟು 1406. ಅವರು ಓಡುತ್ತಾರೆ ಅಂತ ಎದುರಾಳಿಗಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಓಡಿದರು. ಸುಮ್ನೆ ಬಿಟ್ಟುಕೊಟ್ಟ ಬೇಸನ್ನು ಹಾಗೆ ಕದ್ದ ಬೇಸ್‌ಗಳ ಪಕ್ಕ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಕ್ಯಾಚರ್ ಎಸೆಯಲಿಲ್ಲ ಅನ್ನುವುದೊಂದೇ ಸಾಲದು. ಮೊದಲ ಬೇಸ್‌ಮನ್ ರನ್ನರ್ ಪಕ್ಕ ಕಾವಲಿದ್ದನಾ? ಪಿಚರ್ ಪಿಕಾಫ್‌ಗೆ (ಬೇಸ್‌ಗೆ ಎಸೆದು ರನ್ನರ್‌ನನ್ನು ಔಟ್ ಮಾಡಲು) ನೋಡಿದನಾ? ಎರಡನೇ ಬೇಸ್‌ಗೆ ಯಾರಾದರೂ ಓಡಿ ಬಂದರಾ? ಬಂದಿದ್ದರೆ ಅವರು ತಡೆಯಲು ನೋಡಿದ್ದಾರೆ. ರನ್ನರ್ ಅಷ್ಟು ಬೇಗ ಮುಟ್ಟಿದ್ದಕ್ಕೆ ಕ್ಯಾಚರ್ ಕೈ ಎತ್ತಿ ಹಾಗೇ ಇಳಿಸಿದ. ಅದಕ್ಕೆ ಎಸ್‌ಬಿ ಬರೆಯಿರಿ.