ಕೊಲೆಸ್ಟ್ರಾಲ್ ಪುಡಿ ಕುಡಿಯುವವರು ವಿಟಮಿನ್ ನುಂಗುವುದು ಯಾವಾಗ?

ದಾವಣಗೆರೆಯ ನಮ್ಮ ಮೆಡಿಕಲ್ ಶಾಪಿಗೆ ಕೊಲೆಸ್ಟ್ರಾಲ್ ಇಳಿಸುವ ಕೊಲೆಸ್ಟೈರಮೈನ್ ಪುಡಿಯ ಚೀಟಿ ಬಂದರೆ ನಾನು ಮೊದಲು ಕೇಳುವುದು, ‘ಬೇರೆ ಏನೇನು ಮಾತ್ರೆ ನಡೀತಿದಾವೆ?’ ಕೊಲೆಸ್ಟ್ರಾಲ್‌ಗೆ ಸಾಮಾನ್ಯವಾಗಿ ಕೊಡುವ ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳು ವಿಟಮಿನ್‌ಗೆ ಅಡ್ಡ ಬರುವುದಿಲ್ಲ. ಈ ಪುಡಿ ಬೇರೆ ಜಾತಿ. ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲೇ ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಮಲದ ಜೊತೆ ಹೊರಹೋಗುತ್ತದೆ. ಹೊಸ ಆಮ್ಲ ಮಾಡಿಕೊಳ್ಳಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಆದರೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲೂ ಅದೇ ಪಿತ್ತರಸ ಬೇಕು. ಫೋಲಿಕ್ ಆಮ್ಲವನ್ನೂ ಪುಡಿ ಬಿಡುವುದಿಲ್ಲ.

ಬೇರೆ ಔಷಧಿ ಪುಡಿಗಿಂತ 1 ಗಂಟೆ ಮೊದಲು, ಇಲ್ಲವೇ 4ರಿಂದ 6 ಗಂಟೆ ನಂತರ ಎಂಬುದು ನಿಯಮ. ವಿಟಮಿನ್ ಡಿಗೆ ಆ ‘1 ಗಂಟೆ ಮೊದಲು’ ನನಗೆ ಒಪ್ಪಿಗೆಯಿಲ್ಲ. ಖಾಲಿ ಹೊಟ್ಟೆಗೆ ಬಿದ್ದ ಕ್ಯಾಪ್ಸೂಲಿಗೆ ಮೈಗೆ ಹತ್ತಲು ಬೇಕಾದ ಜಿಡ್ಡು ಸಿಗುವುದಿಲ್ಲ, ಅಷ್ಟರಲ್ಲಿ ಹಿಂದೆಯೇ ಪುಡಿ ಬಂತು! ಪುಡಿ ಬೆಳಿಗ್ಗೆ 8, ರಾತ್ರಿ 8 ಎಂದಿದ್ದರೆ ಮಧ್ಯಾಹ್ನ 2ರ ಊಟವೇ ಸರಿ: 6 ಗಂಟೆ ಕಳೆದಿರುತ್ತದೆ, ತಟ್ಟೆಯಲ್ಲಿ ಎಣ್ಣೆಯೂ ಇರುತ್ತದೆ. ವಾರಕ್ಕೊಂದು ನುಂಗುವ 60,000 ಯೂನಿಟ್ಟಿನ ಡಿ, ಮಲ್ಟಿವಿಟಮಿನ್ ಎರಡೂ ಅಲ್ಲಿಗೇ. ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ‘2 – ಊಟ’ ಎಂದು ಬರೆದೇ ಕೊಡುತ್ತೇನೆ.

ಗಂಟು ಬೀಳುವುದು ಥೈರಾಯ್ಡ್ ಇದ್ದವರಿಗೆ. ಬೆಳಿಗ್ಗೆ 6ಕ್ಕೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ನುಂಗಿ 8ಕ್ಕೆ ಪುಡಿ ಕುಡಿದರೆ ಮಾತ್ರೆ ಪೂರ್ತಿ ಮೈಗೆ ಹತ್ತದೆ ಹೋಗಬಹುದು; ನಡುವೆ ಕನಿಷ್ಠ 4 ಗಂಟೆ ಬೇಕು. ಡಾಕ್ಟರನ್ನು ಕೇಳಿ ಪುಡಿಯನ್ನು ಮಧ್ಯಾಹ್ನ 1 ಮತ್ತು ರಾತ್ರಿ 9ಕ್ಕೆ ಸರಿಸಿದರೆ, ಡಿ ಬೆಳಗಿನ ತಿಂಡಿಗೆ ಬರುತ್ತದೆ. ಅದಕ್ಕೆ ಬೆಣ್ಣೆ ದೋಸೆಯೇನೂ ಬೇಡ, ಒಗ್ಗರಣೆ ಮಂಡಕ್ಕಿಯ ಎಣ್ಣೆ ಸಾಕು. ಆದರೆ ಕ್ಯಾಲ್ಸಿಯಂ, ಕಬ್ಬಿಣ ಸೇರಿದ ಮಾತ್ರೆ ಆ ಹೊತ್ತಿಗೆ ಬೇಡ. ಅವೂ ಥೈರಾಕ್ಸಿನ್ನಿಂದ 4 ಗಂಟೆ ದೂರ ಇರಬೇಕು.

ಒಣ ಪುಡಿಯನ್ನು ಹಾಗೆಯೇ ಬಾಯಿಗೆ ಹಾಕಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. 4 ಗ್ರಾಂ ಪುಡಿಯನ್ನು 150 ಎಂಎಲ್ ನೀರಿನ ಮೇಲೆ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು ಕಲಕಬೇಕು. ಕರಗುವುದಿಲ್ಲ, ನುಣ್ಣನೆ ಮರಳಿನ ಹಾಗೆ ತೇಲುತ್ತದೆ. ತಳದಲ್ಲಿ ಉಳಿದದ್ದನ್ನು ಇನ್ನಷ್ಟು ನೀರು ಹಾಕಿ ತೊಳೆದು ಕುಡಿಯಬೇಕು. ಬಾಯಲ್ಲಿ ಹೊತ್ತು ಇಟ್ಟುಕೊಂಡರೆ ಹಲ್ಲು ಕೆಡುತ್ತವೆ. ಮಲಬದ್ಧತೆ ಶುರುವಾಯಿತೆಂದು ಹಲವರು ತಾವೇ ಬಿಟ್ಟುಬಿಡುತ್ತಾರೆ. ನೀರು, ಸೊಪ್ಪು ಹೆಚ್ಚಿಸಿ, ಪ್ರಮಾಣದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಒಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ ಕಂಡರೆ ವಿಟಮಿನ್ ಕೆ ತಗ್ಗಿರಬಹುದು, ಅವತ್ತೇ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಪುಡಿ ಶುರು ಮಾಡುವಾಗಲೂ ನಿಲ್ಲಿಸುವಾಗಲೂ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆ) ಮಾಡಿಸಬೇಕು.