ಬಾಲಿಯ ಹಳ್ಳಿಯಲ್ಲಿ ಮನೆ, ಜಮೀನು: ಗುತ್ತಿಗೆ ಹಿಡಿಯುವುದು ಹೇಗೆ?

ಬಾಲಿ ನೋಡಿ ಬಂದ ಕೆಲವರ ತಲೆಯಲ್ಲಿ ಒಂದು ಹುಳ ಸೇರಿಕೊಂಡಿರುತ್ತದೆ: ಗದ್ದೆ ಬದಿಯಲ್ಲಿ ಒಂದು ಪುಟ್ಟ ಮನೆ ಮಾಡಿಕೊಂಡು ವರ್ಷದಲ್ಲಿ ಆರು ತಿಂಗಳು ಅಲ್ಲಿಯೇ ಇದ್ದುಬಿಟ್ಟರೆ ಹೇಗೆ? ನಿವೃತ್ತಿ ಹತ್ತಿರವಾದವರು, ಮನೆಯಿಂದಲೇ ಕೆಲಸ ಮಾಡುವ ಐಟಿ ಮಂದಿ, ಇಂಡೊನೇಷ್ಯಾದವರನ್ನು ಮದುವೆಯಾದವರು ಹೀಗೆ ವಿಚಾರಿಸುವುದುಂಟು. ಆ ಹುಳಕ್ಕೆ ಮೇವು ಹಾಕುವ ದಲ್ಲಾಳಿಗಳಿಗೂ ಕೊರತೆಯಿಲ್ಲ. ಆಸೆ ತಪ್ಪಲ್ಲ, ದಾರಿಯೂ ಇದೆ. ಆದರೆ ಅಲ್ಲಿನ ಹಳ್ಳಿಯ ನೆಲಕ್ಕೆ ಪತ್ರದಲ್ಲಿ ಹೆಸರಿರುವ ಒಬ್ಬನೇ ಯಜಮಾನನಲ್ಲ. ಸರ್ಕಾರ, ಊರಿನ ದೈವಸ್ಥಾನ, ನೀರಿನ ಸಂಘ, ಪಕ್ಕದ ಮನೆಯವರು ಎಲ್ಲರಿಗೂ ಅದರಲ್ಲಿ ಒಂದೊಂದು ಮಾತು ಸಲ್ಲುತ್ತದೆ. ಈ ಎಲ್ಲರನ್ನೂ ಸರಿಯಾದ ಕ್ರಮದಲ್ಲಿ ಕೇಳಿಕೊಂಡು ಹೋಗುವುದೇ ಅರ್ಧ ಕೆಲಸ.

ಹಂತ 1: ‘ಕೊಳ್ಳುವ’ ಮಾತನ್ನು ಬದಿಗಿಡಿ

ಇಂಡೊನೇಷ್ಯಾದ ಭೂ ಕಾನೂನಿನ ತಾಯಿಬೇರು 1960ರ 5ನೇ ಸಂಖ್ಯೆಯ ಕಾಯಿದೆ. ಅದರ ಪ್ರಕಾರ ‘ಹಕ್ ಮಿಲಿಕ್’, ಅಂದರೆ ಪೂರ್ಣ ಒಡೆತನ, ಆ ದೇಶದ ಪ್ರಜೆಗಳಿಗಷ್ಟೇ. ವಿದೇಶಿಯರಿಗೆ ಉಳಿಯುವುದು ಮುಖ್ಯವಾಗಿ ಎರಡು. ಒಂದು ‘ಹಕ್ ಪಕಾಯ್’ ಎಂಬ ಬಳಕೆಯ ಹಕ್ಕು. 2021ರ ನಿಯಮದ ಪ್ರಕಾರ ಮೊದಲು 30 ವರ್ಷ, ನಂತರ 20, ಆಮೇಲೆ ಮತ್ತೆ 30. ಕೇಳಲು ಚೆನ್ನಾಗಿದೆ. ಆದರೆ ವಾಸದ ಪರವಾನಗಿ ಬೇಕು, ಮೇಲಾಗಿ ಪ್ರಾಂತ್ಯವಾರು ಕನಿಷ್ಠ ಬೆಲೆಯೊಂದನ್ನು ನಿಗದಿ ಮಾಡಿದ್ದಾರೆ. ಬಾಲಿಯಲ್ಲಿ ಆ ಬೆಲೆಯನ್ನು ಸಾಧಾರಣ ಹಳ್ಳಿಮನೆ ಮುಟ್ಟುವುದೇ ಇಲ್ಲ. ಹಾಗಾಗಿ ಹೆಚ್ಚಿನವರು ಎರಡನೆಯದಕ್ಕೆ ಬರುತ್ತಾರೆ: ‘ಸೆವಾ’, ನಮ್ಮ ಮಾತಿನಲ್ಲಿ ದೀರ್ಘಾವಧಿಯ ಗುತ್ತಿಗೆ. ಸಾಮಾನ್ಯವಾಗಿ 20ರಿಂದ 30 ವರ್ಷ.

ಬೆಂಗಳೂರಿನ ಭೋಗ್ಯ ಕಂಡವರು ಇಲ್ಲಿ ಎಚ್ಚರವಾಗಿರಬೇಕು. ಗುತ್ತಿಗೆಯ ಹಣವನ್ನು ಮುಂಗಡವಾಗಿ ಒಟ್ಟಿಗೆ ಎಣಿಸಿ ಕೊಡುತ್ತೀರಿ; ಅವಧಿ ಮುಗಿದಾಗ ಒಂದು ಕಾಸೂ ವಾಪಸು ಬರುವುದಿಲ್ಲ.

ಮೂರನೆಯ ದಾರಿಯೊಂದನ್ನು ದಲ್ಲಾಳಿಗಳು ಮೆಲ್ಲಗೆ ಹೇಳುತ್ತಾರೆ: ಸ್ಥಳೀಯನೊಬ್ಬನ ಹೆಸರಿನಲ್ಲಿ ಜಮೀನು ಕೊಂಡು, ಬೇರೆ ಕಾಗದದಲ್ಲಿ ‘ಇದು ನಿಜವಾಗಿ ನಿಮ್ಮದೇ’ ಎಂದು ಬರೆಸಿಕೊಳ್ಳುವುದು. ನಾವು ಇದನ್ನು ಬೇನಾಮಿ ಎನ್ನುತ್ತೇವೆ. 1960ರ ಕಾಯಿದೆಯ 26ನೇ ವಿಧಿ ಇಂಥ ವರ್ಗಾವಣೆಯನ್ನು, ಸುತ್ತುಬಳಸಿ ಮಾಡಿದ್ದನ್ನೂ ಸೇರಿಸಿ, ಅಸಿಂಧು ಎನ್ನುತ್ತದೆ. ಜಮೀನು ಸರ್ಕಾರಕ್ಕೆ, ಕೊಟ್ಟ ಹಣ ಕೊಟ್ಟವನಿಗೆ ಸಿಗದು. ಇಷ್ಟು ನೇರವಾಗಿ ಬರೆದಿರುವ ಕಾನೂನನ್ನು ಓದಿಯೂ ಹಣ ಹಾಕುವವರಿಗೆ ಯಾರೂ ಏನೂ ಹೇಳಲಾಗದು.

ಹಂತ 2: ಮೊದಲು ಒಂದು ವರ್ಷ ಬಾಡಿಗೆಗಿರಿ

ಹಳ್ಳಿಗಳಲ್ಲಿ ಮನೆ ಬಾಡಿಗೆ ತಿಂಗಳ ಲೆಕ್ಕಕ್ಕಿಂತ ವರ್ಷದ ಲೆಕ್ಕದಲ್ಲಿ, ಮುಂಗಡವಾಗಿ ಸಲ್ಲುತ್ತದೆ. ಚೌಕಾಸಿ ಮಾಡಬಹುದು. ಪ್ರವಾಸಿಗರು ತುಂಬಿ ತುಳುಕುವ ಚಂಗು, ಉಬುದ್ ಬಿಟ್ಟು ಪಶ್ಚಿಮದ ತಬಾನಾನ್, ಉತ್ತರದ ಬುಲೆಲೆಂಗ್ ಕಡೆ ನೋಡಿದರೆ ಹಳ್ಳಿ ಇನ್ನೂ ಹಳ್ಳಿಯಾಗಿಯೇ ಇದೆ.

ವರ್ಷವೇ ಏಕೆ? ಮಳೆಗಾಲ ಮತ್ತು ಒಣ ಕಾಲ ಎರಡನ್ನೂ ಕಾಣಬೇಕು. ಬಾವಿ ಬತ್ತುತ್ತದೆಯೇ, ರಸ್ತೆ ಕೊಚ್ಚುತ್ತದೆಯೇ ಎಂದು ತಿಳಿಯಬೇಕು. ವಿದ್ಯುತ್ ಹಲವು ಮನೆಗಳಲ್ಲಿ ಮುಂಗಡ ಪಾವತಿಯದ್ದು. ಅಂಗಡಿಯಲ್ಲಿ ಹಣ ಕೊಟ್ಟು ಪಡೆದ 20 ಅಂಕಿಗಳ ಸಂಖ್ಯೆಯನ್ನು ಮೀಟರಿಗೆ ಒತ್ತಬೇಕು. ದುಡ್ಡು ಮುಗಿಯುತ್ತಾ ಬಂದಾಗ ಮೀಟರು ಕೀಚು ದನಿಯಲ್ಲಿ ಕೂಗಲು ಶುರುಮಾಡುತ್ತದೆ, ಬಹುಪಾಲು ಊಟದ ಹೊತ್ತಿಗೇ. ಕುಡಿಯುವ ನೀರು 19 ಲೀಟರಿನ ಕ್ಯಾನಿನಲ್ಲಿ ಬರುತ್ತದೆ. ಸಣ್ಣಪುಟ್ಟ ಕಾಯಿಲೆಗೆ ‘ಪುಸ್ಕೆಸ್ಮಾಸ್’ ಎಂಬ ಸರ್ಕಾರಿ ಆರೋಗ್ಯ ಕೇಂದ್ರ ಸಾಕು. ಹೃದಯ, ಮೂಳೆ ಎಂದರೆ ಬಾಲಿಯ ರಾಜಧಾನಿ ಡೆನ್ಪಸಾರಿಗೆ ಓಡಬೇಕು. ರಾತ್ರಿ ಹೊತ್ತು ಎಷ್ಟು ಸಮಯ ಹಿಡಿಯುತ್ತದೆಂದು ಒಮ್ಮೆ ಗಾಡಿಯಲ್ಲಿ ಹೋಗಿ ನೋಡಿ.

ಸಸ್ಯಾಹಾರಿಗಳಿಗೆ ಒಂದು ಮಾತು: ಹುದುಗಿಸಿದ ಸೋಯಾದ ‘ತೆಂಪೆ’, ತೋಫು, ತೆಂಗಿನ ತುರಿ ಹಾಕಿದ ಸೊಪ್ಪಿನ ಪಲ್ಯ ಎಲ್ಲೆಡೆ ಸಿಗುತ್ತದೆ. ಆದರೆ ಸಾಂಬಲ್ ಚಟ್ನಿಯಲ್ಲಿ ‘ತೆರಾಸಿ’ ಎಂಬ ಸಿಗಡಿಯ ಪೇಸ್ಟು ಅಡಗಿರುತ್ತದೆ. ಕೇಳಿ ತಿನ್ನಿ.

ವೀಸಾ ಅವಧಿ ಮೀರಿದರೆ ದಿನವೊಂದಕ್ಕೆ 10 ಲಕ್ಷ ರೂಪಿಯಾ (ಇಂಡೊನೇಷ್ಯಾದ ಹಣ) ದಂಡ. ಪ್ರವಾಸಿ ವೀಸಾದಲ್ಲಿ ಬಂದು ಮನೆಯನ್ನು ಅತಿಥಿಗಳಿಗೆ ಬಾಡಿಗೆ ಕೊಟ್ಟು ಸಂಪಾದಿಸುವ ಯೋಚನೆ ಇದ್ದರೆ ಅದು ಗಡೀಪಾರಿನ ದಾರಿ. ವ್ಯಾಪಾರ ಮಾಡಲು ವಿದೇಶಿ ಬಂಡವಾಳದ ಕಂಪನಿ ಬೇಕು, ಅದರ ಹೂಡಿಕೆಯ ಮಿತಿ 1,000 ಕೋಟಿ ರೂಪಿಯಾದಿಂದ ಮೇಲೆ. ಒಂದು ಮನೆಯ ಆಸೆಗೆ ಅದು ಹೊಂದುವುದಿಲ್ಲ.

ಹಂತ 3: ಕಾಗದ ನೋಡಿ

ಬಾಲಿಯಲ್ಲಿ ಜಮೀನಿನ ಮಾತೆಲ್ಲ ‘ಆರೆ’ಯಲ್ಲಿ. ಒಂದು ಆರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು. ಹಾಗಾಗಿ ‘ಆರೆಗೆ ವರ್ಷಕ್ಕೆ ಇಷ್ಟು’ ಎಂದರೆ ಗುಂಟೆಗೆ ಎಂದೇ ಲೆಕ್ಕ ಹಾಕಿಕೊಳ್ಳಿ.

ಮಾಲೀಕನ ಬಳಿ ಭೂ ಇಲಾಖೆ ನೀಡಿದ ಪ್ರಮಾಣಪತ್ರ ಇರಬೇಕು. ‘ಪಿಪಿಲ್’ ತೋರಿಸಿದರೆ ಒಪ್ಪಬೇಡಿ. ಅದು ಹಳೆಯ ಕಂದಾಯದ ಚೀಟಿ, ಜಾವಾದಲ್ಲಿ ಗಿರಿಕ್ ಎನ್ನುತ್ತಾರೆ, ಒಡೆತನದ ಪತ್ರವಲ್ಲ. 2021ರ ನಿಯಮ ಇಂಥ ಹಳೆಯ ಕಾಗದಗಳನ್ನು ನೋಂದಾಯಿಸಲು ಐದು ವರ್ಷದ ಗಡುವು ಕೊಟ್ಟಿತ್ತು. ಗಡುವಿನ ನಂತರ ಅವು ಬರೀ ಸುಳಿವು ಮಾತ್ರ. ಭೂ ಇಲಾಖೆಯ ‘ಸೆಂತುಹ್ ತಾನಾಹ್‌ಕು’ ಮೊಬೈಲ್ ಆ್ಯಪ್‌ನಲ್ಲಿ ನಕ್ಷೆ ಇಣುಕಿ ನೋಡಬಹುದು, ಆದರೆ ಅಡಮಾನ, ತಕರಾರು ಇದೆಯೇ ಎಂಬ ಅಧಿಕೃತ ಪರಿಶೀಲನೆಯನ್ನು ‘ಪಿಪಿಎಟಿ’ ಎಂಬ ಭೂಪತ್ರದ ಅಧಿಕಾರಿಯ ಮೂಲಕವೇ ಮಾಡಿಸಿ. ಆ ಅಧಿಕಾರಿಯನ್ನು ನೀವೇ ಹುಡುಕಿ. ದಲ್ಲಾಳಿ ಕರೆತಂದವರು ಬೇಡ.

ಪತ್ರ ಅಜ್ಜನ ಹೆಸರಿನಲ್ಲೇ ಉಳಿದಿರುವುದು ಸಾಮಾನ್ಯ. ಆಗ ಹಳ್ಳಿಯ ಕಚೇರಿ ದೃಢೀಕರಿಸಿದ ವಂಶವೃಕ್ಷ ಕೇಳಿ. ಬಾಲಿಯಲ್ಲಿ ಆಸ್ತಿ ಗಂಡುಮಕ್ಕಳ ಕಡೆಯಿಂದ ಇಳಿಯುತ್ತದೆ. ಹಡಗಿನಲ್ಲಿ ಕೆಲಸಕ್ಕೆ ಹೋದ ತಮ್ಮನ ಸಹಿಯೂ ಬೇಕು. ಅವನು ಬರುವವರೆಗೆ ಕಾಯಿರಿ.

ಹಂತ 4: ಜಮೀನಿನ ಬಣ್ಣ ತಿಳಿಯಿರಿ

ಪತ್ರ ಶುದ್ಧವಾಗಿದ್ದರೂ ಅಲ್ಲಿ ಮನೆ ಕಟ್ಟಬಹುದೆಂದು ಅರ್ಥವಲ್ಲ. ಜಿಲ್ಲೆಯ ಯೋಜನಾ ನಕ್ಷೆಯಲ್ಲಿ ಹಸಿರು ವಲಯ ಎಂದಿದ್ದರೆ ಅದು ಗದ್ದೆಯಾಗಿಯೇ ಇರಬೇಕು. ಕೃಷಿಭೂಮಿ ರಕ್ಷಣೆಗೆ 2009ರಲ್ಲಿ ಕಾಯಿದೆ ಬಂದಿತು. 2021ರಲ್ಲಿ ಬಾಲಿ ಸೇರಿದಂತೆ ಎಂಟು ಪ್ರಾಂತ್ಯಗಳ ಭತ್ತದ ಗದ್ದೆಗಳನ್ನು ಕಾಪಿಡಬೇಕಾದ ಗದ್ದೆಗಳೆಂದು ಗುರುತಿಸಿದರು. ದಲ್ಲಾಳಿ ‘ಸುತ್ತ ಗದ್ದೆ, ಎಂಥ ನೋಟ’ ಎಂದು ಹಾಡಿ ಹೊಗಳುವ ಜಾಗವೇ ಬಹುತೇಕ ಕಟ್ಟಬಾರದ ಜಾಗ. ಮನೆ ಕಟ್ಟಲು ‘ಪಿಬಿಜಿ’ ಪರವಾನಗಿ ಬೇಕು. 2025ರ ಜುಲೈನಲ್ಲಿ ಬಿಂಗಿನ್ ಕಡಲತೀರದಲ್ಲಿ ಸರ್ಕಾರಿ ಜಾಗದಲ್ಲಿ ಎದ್ದಿದ್ದ ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿದರು. ಅವುಗಳಲ್ಲಿ ಹಲವು ವರ್ಷಗಟ್ಟಲೆ ನಡೆಯುತ್ತಿದ್ದ ವ್ಯವಹಾರಗಳೇ.

ಹಂತ 5: ಊರನ್ನು ಕೇಳಿ

ಇದನ್ನು ವಕೀಲರು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಹಂತ ಇದೇ.

ಬಾಲಿಯ ಪ್ರತಿ ಹಳ್ಳಿಗೂ ಎರಡು ಮುಖ. ಸರ್ಕಾರಿ ಹಳ್ಳಿಗೆ ‘ಪೆರ್ಬೆಕೆಲ್’ ಮುಖ್ಯಸ್ಥ. ಸಾಂಪ್ರದಾಯಿಕ ಹಳ್ಳಿಗೆ, ಅಂದರೆ ‘ದೇಸಾ ಅದತ್’ಗೆ, ‘ಬೆಂದೇಸ’. ದ್ವೀಪದಲ್ಲಿ ಸುಮಾರು 1,500 ದೇಸಾ ಅದತ್‌ಗಳಿವೆ, ಪ್ರತಿಯೊಂದಕ್ಕೂ ‘ಅವಿಗ್ ಅವಿಗ್’ ಎಂಬ ತನ್ನದೇ ಕಟ್ಟಳೆ. ಅದರೊಳಗೆ ಬಂಜಾರ್ ಎಂಬ ಕೇರಿಗಳು. 2019ರ ಪ್ರಾಂತೀಯ ಶಾಸನ ಈ ವ್ಯವಸ್ಥೆಗೆ ಅಧಿಕೃತ ಬಲ ಕೊಟ್ಟಿದೆ. ಹೊರಗಿನಿಂದ ಬಂದು ನೆಲೆಸಿದ ನೀವು ಅದರಲ್ಲಿ ‘ತಮಿಯು’.

ಕೆಲವು ಜಮೀನು ಕುಟುಂಬದ ಕೈಯಲ್ಲಿದ್ದರೂ ಊರಿನದು; ಅದನ್ನು ಅನುಭವಿಸುವವರು ದೇವಸ್ಥಾನಕ್ಕೆ ದುಡಿಯಬೇಕು. ಅಂಥದನ್ನು ಗುತ್ತಿಗೆಗೆ ಕೊಡುವ ಅಧಿಕಾರ ಒಬ್ಬನಿಗಿರುವುದಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲು ಬೆಂದೇಸ ಮತ್ತು ಕೇರಿಯ ಮುಖ್ಯಸ್ಥ ‘ಕೆಲಿಯಾನ್’ ಇಬ್ಬರನ್ನೂ ಕಂಡು ಬನ್ನಿ. ಬೆಳಗಿನ ಹೊತ್ತು, ಕೈಯಲ್ಲಿ ಕಾಫಿಪುಡಿ ಅಥವಾ ಹಣ್ಣು ಹಿಡಿದು, ಮಾಲೀಕನೊಂದಿಗೇ ಹೋಗಿ. ಕೇರಿಗೆ ತಿಂಗಳಿಗೆ ಎಷ್ಟು ವಂತಿಗೆ, ಕಟ್ಟಡ ಕಟ್ಟುವಾಗ ಎಷ್ಟು ಎಂದು ಮುಚ್ಚುಮರೆಯಿಲ್ಲದೆ ಕೇಳಿ. ನಾಲ್ಕೂ ಕಡೆಯ ಅಕ್ಕಪಕ್ಕದವರ ಒಪ್ಪಿಗೆ ಸಹಿ ಪರವಾನಗಿಗೂ ಬೇಕಾಗುತ್ತದೆ.

ಗದ್ದೆ ಬದಿಯಾದರೆ ‘ಸುಬಾಕ್’ ಎಂಬ ನೀರಾವರಿ ಸಂಘದ ಮುಖಂಡ ‘ಪೆಕಾಸೆಹ್’ನನ್ನೂ ಕಾಣಬೇಕು. ತಬಾನಾನಿನ ಜಾತಿಲುವಿಹ್ ಸೇರಿದ ಸುಬಾಕ್ ಪ್ರದೇಶ 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕಾಲುವೆಗೆ ಅಡ್ಡಲಾಗಿ ಹಾಕಿದ ಮರದ ದಿಮ್ಮಿಯಲ್ಲಿ ಅಗಲ ಅಗಲದ ಕಚ್ಚುಗಳಿರುತ್ತವೆ. ಯಾರ ಗದ್ದೆಗೆ ಎಷ್ಟು ಪಾಲೋ ಅಷ್ಟೇ ಅಗಲದ ಕಚ್ಚು, ಅಷ್ಟೇ ನೀರು. ನಿಮ್ಮ ಮೇಸ್ತ್ರಿ ಸಿಮೆಂಟು ಚೆಲ್ಲಿ ಅದರಲ್ಲೊಂದನ್ನು ಮುಚ್ಚಿದರೆ ಕೆಳಗಿನವನ ಸಸಿಮಡಿ ಒಣಗುತ್ತದೆ. ಆ ಜಗಳ ಯಾವ ನ್ಯಾಯಾಲಯಕ್ಕೂ ಹೋಗುವುದಿಲ್ಲ. ನೀವು ಆ ಊರಿನಲ್ಲಿ ಇರುವಷ್ಟು ಕಾಲ ನಿಮ್ಮೊಂದಿಗೇ ಇರುತ್ತದೆ.

ಬಾಲಿಯವರ ಮೌನದ ಹಬ್ಬವಾದ ‘ನ್ಯೆಪಿ’ ದಿನ ಬೆಳಗ್ಗೆ ಆರರಿಂದ ಮರುದಿನ ಆರರವರೆಗೆ ದೀಪ ಹಚ್ಚುವಂತಿಲ್ಲ, ಹೊರಗೆ ಬರುವಂತಿಲ್ಲ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. 210 ದಿನಕ್ಕೊಮ್ಮೆ ಬರುವ ಗಲುಂಗಾನ್ ಹಬ್ಬಕ್ಕೆ ಕೂಲಿಯಾಳುಗಳು ಸಿಗುವುದಿಲ್ಲ.

ಹಂತ 6: ಕರಾರು ಬರೆಸಿ

ನೋಟರಿ ಪತ್ರದಲ್ಲೇ ಬರೆಸಿ. ಒಳಗೆ ಇರಲೇಬೇಕಾದವು: ಮಾಲೀಕ ಸತ್ತರೆ ವಾರಸುದಾರರು ಕರಾರಿಗೆ ಬದ್ಧರು, ನೀವು ಸತ್ತರೆ ಹಕ್ಕು ನಿಮ್ಮವರಿಗೆ, ಮೂರನೆಯವರಿಗೆ ಉಳಿದ ಅವಧಿಯನ್ನು ವಹಿಸಿಕೊಡಬಹುದು, ದಾರಿ ಯಾವುದು, ಎಷ್ಟು ಅಗಲ. ಗುತ್ತಿಗೆ ಮೊತ್ತದ ಮೇಲೆ ಶೇ 10 ಆದಾಯ ತೆರಿಗೆ ಬೀಳುತ್ತದೆ. ಯಾರು ಕಟ್ಟಬೇಕೆಂದು ಬರೆಯದಿದ್ದರೆ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ‘ಅವಧಿ ಮುಂದುವರಿಸಬಹುದು, ಆಗಿನ ಮಾರುಕಟ್ಟೆ ದರದಲ್ಲಿ’ ಎಂಬ ಸಾಲಿಗೆ ಬೆಲೆಯಿಲ್ಲ. ದರ ನಿಗದಿಯ ಸೂತ್ರವನ್ನು ಈಗಲೇ ಬರೆಸಿ.

ಲಾಭದ ಲೆಕ್ಕ ಹಾಕುವವರಿಗೆ: 25 ವರ್ಷದ ಗುತ್ತಿಗೆ ಹತ್ತು ವರ್ಷದ ನಂತರ 15 ವರ್ಷದ್ದು. ಸುತ್ತಲಿನ ಜಮೀನಿನ ಬೆಲೆ ಏರಿದರೂ ನಿಮ್ಮ ಕೈಯಲ್ಲಿರುವುದು ದಿನದಿನಕ್ಕೂ ಕರಗುತ್ತದೆ. ಏರಿಕೆಯ ಲಾಭ ಮಾಲೀಕನಿಗೆ, ಅದು ನ್ಯಾಯವೂ ಹೌದು.

ಹಂತ 7: ಇಲ್ಲಿಂದ ಹಣ ಕಳುಹಿಸಿ

ಭಾರತದ ನಿವಾಸಿಗಳು ಉದಾರೀಕೃತ ರವಾನೆ ಯೋಜನೆಯಡಿ ಹಣಕಾಸು ವರ್ಷವೊಂದಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಅದನ್ನು ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು. ಐದು ವರ್ಷ ಮೀರದ ಗುತ್ತಿಗೆಗೆ ವಿದೇಶಿ ಸ್ಥಿರಾಸ್ತಿಯ ನಿಯಮಗಳು ಅನ್ವಯಿಸುವುದಿಲ್ಲ. ಅದಕ್ಕಿಂತ ದೀರ್ಘವಾದರೆ ಚಾರ್ಟರ್ಡ್ ಅಕೌಂಟೆಂಟ್ ಬಳಿ ಮೊದಲೇ ಮಾತನಾಡಿ, ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಿ. ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಲಿ, ಮಾಲೀಕನ ಹೆಸರಿನ ಖಾತೆಗೇ ಹೋಗಲಿ. ದಲ್ಲಾಳಿಗೆ ಕೊಡಬೇಕಾದ ಪಾಲನ್ನು ಬೇರೆಯಾಗಿ, ರಸೀದಿ ಪಡೆದು ಕೊಡಿ. ಕರಾರಿನ ಒಂದು ಪ್ರತಿ ಕೆಲಿಯಾನ್ ಮನೆಯಲ್ಲೂ ಇರಲಿ. ವಾರಸುದಾರರು ನಾಳೆ ತಕರಾರು ತೆಗೆದರೆ ಮೊದಲು ಹೋಗುವುದು ಅವನ ಜಗಲಿಗೇ.