ಹೊಸ ಕ್ಲಚ್ ಹಾಕಿದ ಮೇಲೆ ಸ್ಟಾರ್ಟ್ ಆಗದ ಕಾರು: ತೊಂದರೆ ಇದ್ದದ್ದು ಅರ್ತ್‌ನಲ್ಲಿ

ಮನೆಯಲ್ಲೇ ರಿಪೇರಿ ಮಾಡಿಕೊಂಡ ಮೇಲೆ ಕಾರಿನಲ್ಲಿ ಕರೆಂಟ್ ತೊಂದರೆ ಶುರುವಾಯ್ತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ಯಾವ ಬೋಲ್ಟ್ ಬಿಚ್ಚಿದ್ರಿ ಅಂತ. ಹೊಸ ಬ್ಯಾಟರಿ, ಹೊಸ ಸ್ಟಾರ್ಟರ್ (ಇಂಜಿನ್ ತಿರುಗಿಸಿ ಶುರು ಮಾಡುವ ಮೋಟರ್) ಎಲ್ಲಾ ಆಮೇಲಿನ ಮಾತು.

ಹಾಸನದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಹಳೇ ಪೆಟ್ರೋಲ್ ಕಾರಿಗೆ ತಾನೇ ಕ್ಲಚ್ ಪ್ಲೇಟ್ ಹಾಕಿದ್ದ. ಗೇರ್‌ಬಾಕ್ಸ್ ಇಳಿಸಿ ಏರಿಸೋದು ಸಣ್ಣ ಕೆಲಸ ಅಲ್ಲ, ಅಚ್ಚುಕಟ್ಟಾಗೇ ಮಾಡಿದ್ದ. ಹೇಗೂ ಬಿಚ್ಚಿದ್ದೀನಲ್ಲ ಅಂತ ಚಾಸಿಯಲ್ಲಿ (ಬಾಡಿಯ ಕೆಳಗಿನ ಚೌಕಟ್ಟು) ತುಕ್ಕು ಹಿಡಿದ ಕಡೆಯೆಲ್ಲ ಕಪ್ಪು ಪೇಂಟ್ ಕೂಡ ಬಳಿದಿದ್ದ. ಅಲ್ಲಿಂದ ಶುರು. ಕೀ ತಿರುಗಿಸಿದರೆ ಸ್ಟಾರ್ಟರ್ ಅರ್ಧ ಸುತ್ತು ಎಳೆದು ಟಕ್ ಅಂತ ನಿಲ್ಲುತ್ತಿತ್ತು. ಬ್ಯಾಟರಿ ಬದಲಿಸಿದ, ಅದೇ ಕಥೆ. ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತು, ಆದರೆ ಹೆಡ್‌ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು.

"ಅಣ್ಣ, ಸ್ಟಾರ್ಟರ್ ತಂದುಬಿಡ್ಲಾ?" ಅಂದ.

"ಏನೂ ತರಬೇಡ, ಇರು, ನಾನು ಬರ್ತೀನಿ" ಅಂದೆ.

ಆ ಮುಳ್ಳೇ ಎಲ್ಲಾ ಹೇಳಿತ್ತು. ಲೈಟ್ ಹಾಕಿದ ಕ್ಷಣಕ್ಕೇ ರೇಡಿಯೇಟರ್ ನೀರು ಬಿಸಿಯಾಗಲ್ಲ ಅಲ್ವಾ? ಇಂಥ ಹಳೇ ಕಾರಿನ ಟೆಂಪರೇಚರ್ ಸೆನ್ಸರ್‌ಗೆ ಬರುವುದು ಒಂದೇ ವೈರು, ಅದರ ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಇಂಜಿನ್ನೇ. ಹೆಡ್‌ಲೈಟ್ ಕರೆಂಟ್ ಕಾರಿನ ಬಾಡಿಯ ಲೋಹಕ್ಕೆ ಇಳಿದು, ಅಲ್ಲಿಂದ ಇಂಜಿನ್ ಮೇಲಿರುವ ಆಲ್ಟರ್ನೇಟರ್‌ಗೆ (ಇಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ವಾಪಸ್ ಹೋಗಬೇಕು. ಬಾಡಿಗೂ ಇಂಜಿನ್ನಿಗೂ ನಡುವಿನ ದಾರಿ ಕೆಟ್ಟಿದ್ದರೆ ಎರಡರ ವೋಲ್ಟೇಜ್ ಬೇರೆಬೇರೆ ಆಗುತ್ತೆ, ಮುಳ್ಳು ತಪ್ಪು ತೋರಿಸುತ್ತೆ.

ಹೋಗಿ ನೋಡಿದರೆ ಅವನು ಮಲ್ಟಿಮೀಟರ್‌ನಲ್ಲಿ ಬೀಪ್ ಟೆಸ್ಟ್ (ಎರಡು ಕಡೆಯ ನಡುವೆ ಕರೆಂಟಿಗೆ ದಾರಿ ಇದ್ದರೆ ಮೀಟರ್ ಬೀಪ್ ಅನ್ನುತ್ತೆ) ಆಗಲೇ ಮಾಡಿದ್ದ. ಇಂಜಿನ್‌ನಿಂದ ಬ್ಯಾಟರಿ ಮೈನಸ್‌ಗೆ ಬೀಪ್ ಬರುತ್ತಿತ್ತು, ಅದಕ್ಕೇ ಅರ್ತ್ ಸರಿಯಿದೆ ಅಂದುಕೊಂಡಿದ್ದ. ಈ ಬೀಪ್ ನಂಬಬೇಡಿ. ಮೀಟರ್ ಕಳಿಸುವ ಕರೆಂಟ್ ತೀರಾ ಕಡಿಮೆ, ಒಂದೇ ಒಂದು ಎಳೆ ತಾಗಿದ್ದರೂ ಬೀಪ್ ಅನ್ನುತ್ತೆ. ಸ್ಟಾರ್ಟರ್‌ಗೆ ನೂರಕ್ಕೂ ಜಾಸ್ತಿ ಆಂಪಿಯರ್ ಹರಿಯಬೇಕು. ಅದಕ್ಕೆ ಲೋಡ್ ಇರುವಾಗಲೇ, ಅಂದರೆ ಸ್ಟಾರ್ಟರ್ ಎಳೆಯುವಾಗಲೇ ಅಳೆಯಬೇಕು.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲ್ಯಾಂಪ್ ಮೇಲಲ್ಲ, ಕಂಬದ ಮೇಲೇ), ಇನ್ನೊಂದು ಇಂಜಿನ್ ಎತ್ತುವ ಕೊಂಡಿಗೆ ಹಿಡಿದೆ. ಅವನು ಕೀ ತಿರುಗಿಸಿದ. ಈ ದಾರಿಯಲ್ಲಿ ಹೆಚ್ಚೆಂದರೆ 0.3 ವೋಲ್ಟ್ ಕಳೆದುಹೋಗಬೇಕಾದ ಕಡೆ 4ರ ಹತ್ತಿರ ಬಂತು. ಅದೇ ಕಡ್ಡಿ ಬಾಡಿಗೆ ಇಟ್ಟರೆ 0.1. ಅಂದರೆ ಬ್ಯಾಟರಿಯಿಂದ ಬಾಡಿಗೆ ಸರಿಯಿದೆ, ಬಾಡಿಯಿಂದ ಇಂಜಿನ್ನಿಗೆ ಕೆಟ್ಟಿದೆ. ಖಾತ್ರಿಗೆ ಒಂದು ಜಂಪರ್ ಕೇಬಲ್ ತಗೊಂಡು ಬ್ಯಾಟರಿ ಮೈನಸ್‌ನಿಂದ ಸೀದಾ ಇಂಜಿನ್ ಕೊಂಡಿಗೆ ಹಾಕಿದೆ, ಕೀ ಮುಟ್ಟುತ್ತಿದ್ದ ಹಾಗೆ ಸ್ಟಾರ್ಟ್ ಆಯ್ತು. ಅವನ ಮುಖ ನೋಡಬೇಕಿತ್ತು, ನನಗೂ ಅಷ್ಟೇ ಖುಷಿ.

ಕೆಳಗೆ ಮಲಗಿ ನೋಡಿದರೆ ಇಂಜಿನ್ನಿಗೆ ಕೂಡಿಸಿರುವ ಗೇರ್‌ಬಾಕ್ಸ್‌ನಿಂದ ಚಾಸಿಗೆ ಬರುವ ಹೆಣೆದ ತಾಮ್ರದ ಪಟ್ಟಿ ಇತ್ತು, ಬೋಲ್ಟ್ ಬಿಗಿಯಾಗೇ ಇತ್ತು. ಆದರೆ ಕೂತಿದ್ದದ್ದು ದಪ್ಪ ಪೇಂಟ್ ಮೇಲೆ, ಬೋಲ್ಟ್‌ನ ಥ್ರೆಡ್‌ಗೂ ಪೇಂಟ್ ಇಳಿದಿತ್ತು. ಬ್ಯಾಟರಿ ಮೈನಸ್ ಬಿಚ್ಚಿಟ್ಟು, 80 ನಂಬರ್ ಎಮರಿ ಪೇಪರ್‌ನಲ್ಲಿ ಬಿಳಿ ಲೋಹ ಹೊಳೆಯುವ ತನಕ ಉಜ್ಜಿದೆವು. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆವು. ಮತ್ತೆ ಅಳೆದರೆ ಸ್ಟಾರ್ಟ್ ಮಾಡುವಾಗ 0.2. ಹೆಡ್‌ಲೈಟ್ ಹಾಕಿದರೂ ಮುಳ್ಳು ಅಲುಗಲಿಲ್ಲ.

ಇಲ್ಲಿಗೇ ಬಾನೆಟ್ ಮುಚ್ಚಬೇಡಿ. ಪಟ್ಟಿ ಕೆಲಸ ಮಾಡದಿದ್ದಾಗ ಆ ಕರೆಂಟ್ ಎಲ್ಲಿಂದ ಹರಿಯುತ್ತಿತ್ತು? ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗಳ ಉಕ್ಕಿನ ತಂತಿಯಲ್ಲಿ. ಅಷ್ಟು ಕರೆಂಟಿಗೆ ಅವು ಕಾದು ಒಳಗಿನ ಪ್ಲಾಸ್ಟಿಕ್ ಕರಗುತ್ತೆ. ಇವನ ಕ್ಲಚ್ ಕೇಬಲ್ ಬಿಚ್ಚಿ ಎಳೆದು ನೋಡಿದರೆ ಒಂದು ಕಡೆ ಹಿಡಿದುಕೊಳ್ಳುತ್ತಿತ್ತು, ಬದಲಿಸಿದೆವು. ಆಕ್ಸಿಲರೇಟರ್ ಕೇಬಲ್ ಸಲೀಸಾಗಿ ಓಡಾಡುತ್ತಿತ್ತು, ಅದನ್ನು ಹಾಗೇ ಬಿಟ್ಟೆವು.